ಶಾಸ್ತ್ರಪಾಕ ಮತ್ತು ಗೃಹಪಾಕ : ಜಮಖಂಡಿ–ಮುಧೋಳ ಸೀಮೆಯ ಅಡುಗೆಯ ಇತಿಹಾಸಕ್ಕೊಂದು ಪೀಠಿಕೆ

೧

ಒಂದು ಜನಾಂಗದ ಇತಿಹಾಸವನ್ನು ಅದರ ಶಾಸನಗಳಿಂದ, ಕಾವ್ಯಗಳಿಂದ, ನಾಣ್ಯಗಳಿಂದ, ಕಟ್ಟಡಗಳಿಂದ ತಿಳಿಯಲು ನಾವು ಅಭ್ಯಾಸಮಾಡಿಕೊಂಡಿದ್ದೇವೆ. ಅದೇ ಜನಾಂಗವು ದಿನಕ್ಕೆರಡು ಬಾರಿ ಹೊತ್ತಿಸಿದ ಒಲೆಯಿಂದಲೂ ಏನನ್ನಾದರೂ ತಿಳಿಯಬಹುದೆಂಬ ವಿಚಾರ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಅಡುಗೆಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳಿ ಮುಗಿಸುತ್ತಾರೆ. ನಮ್ಮ ಊಟವು ಅನಾದಿಕಾಲದಿಂದ ಹೀಗೆಯೇ ನಡೆದುಬಂದಿದೆ ಎಂಬುದು ಒಂದು ಮಾತು. ನಮ್ಮ ಪ್ರಾಚೀನ ಪಾಕಗ್ರಂಥಗಳಲ್ಲಿ ಎಲ್ಲವೂ ಹೇಳಲ್ಪಟ್ಟಿದೆ ಎಂಬುದು ಇನ್ನೊಂದು. ಈ ಎರಡು ಮಾತುಗಳೂ ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ತೋರಿಸುವುದೂ, ಅವುಗಳ ಬದಲು ಯಾವ ಮಾರ್ಗದಿಂದ ಈ ಇತಿಹಾಸವನ್ನು ಅರಸಬಹುದೆಂದು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಒಂದು ಎಲ್ಲೆ ಬೇಕಾದುದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಈ ನಾಲ್ಕು ತಾಲೂಕುಗಳ ಸೀಮೆಯನ್ನು ಇಲ್ಲಿ ಆರಿಸಿಕೊಂಡಿದೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಈ ಎರೆಭೂಮಿಯು ಇಂದು ೧೯೯೭ರಲ್ಲಿ ರಚಿತವಾದ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ೧೯೪೮ರವರೆಗೆ ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿಯೂ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿಯೂ ಇದ್ದವು. ರಬಕವಿ ಮತ್ತು ತೇರದಾಳಗಳು ಸಾಂಗಲಿ ಸಂಸ್ಥಾನಕ್ಕೂ, ಬೀಳಗಿಯು ಬ್ರಿಟಿಷರ ನೇರ ಆಡಳಿತದ ಬಿಜಾಪುರ ಜಿಲ್ಲೆಗೂ ಸೇರಿದ್ದವು. ಆಡಳಿತ ಹೀಗೆ ಹಂಚಿಹೋಗಿದ್ದರೂ ಒಲೆಯ ಮೇಲಿನ ಹಂಚು ಒಂದೇ ಆಗಿತ್ತು. ರಾಜಕೀಯ ಎಲ್ಲೆಗಳಿಗೂ ಊಟದ ಎಲ್ಲೆಗಳಿಗೂ ಸಂಬಂಧ ಸಡಿಲವೆಂಬುದಕ್ಕೆ ಇದೇ ಮೊದಲ ನಿದರ್ಶನ.

೨

ಕನ್ನಡದಲ್ಲಿ ಪಾಕಗ್ರಂಥಗಳ ಪರಂಪರೆ ದೀರ್ಘವಾದುದು. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಳ್ವಿಕೆಯಲ್ಲಿ, ಕ್ರಿ.ಶ. ೧೦೨೫ರಲ್ಲಿ, ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವನ್ನು ರಚಿಸಿದನು. ಜ್ಯೋತಿಷ, ವಾಸ್ತು, ಅಂತರ್ಜಲ, ವೃಕ್ಷಾಯುರ್ವೇದ, ಗಂಧಯುಕ್ತಿ, ವೈದ್ಯ ಮೊದಲಾದ ವಿಷಯಗಳೊಡನೆ ಸೂಪಶಾಸ್ತ್ರಕ್ಕೂ ಅದರಲ್ಲಿ ಸ್ಥಾನವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ನುಣ್ಣಗೆ ಅರೆದು, ಮೊಸರಿನ ತಿಳಿಯಲ್ಲಿ ಕಲಸಿ, ಜೀರಿಗೆ ಕೊತ್ತಂಬರಿ ಮೆಣಸು ಇಂಗುಗಳನ್ನು ಕೂಡಿಸುವ ಒಂದು ಪಾಕವನ್ನು ಅಲ್ಲಿ ಕಾಣುತ್ತೇವೆ. ೧೦ನೆಯ ಶತಮಾನದ 'ವಡ್ಡಾರಾಧನೆ'ಯು 'ಇಡ್ಡಲಿಗೆ' ಎಂಬ ಭಕ್ಷ್ಯವನ್ನು ಹೆಸರಿಸುತ್ತದೆ. ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದ ಅನ್ನಭೋಗಪ್ರಕರಣದಲ್ಲಿ 'ಇಡರಿಕಾ' ಎಂಬ ರೂಪ ದೊರೆಯುತ್ತದೆ. ಇದು ಸುಮಾರು ೧೧೨೯ರ ಕೃತಿ. ಮುಂದೆ ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ 'ಸೂಪಶಾಸ್ತ್ರ'ವನ್ನು ಬರೆದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆಕಾಯಿ, ಬಾಳೆ, ಹಲಸು ಇವುಗಳ ಪಾಕಗಳನ್ನು ಆತ ಅಧ್ಯಾಯಗಳಾಗಿ ವಿಂಗಡಿಸಿದ್ದಾನೆ.

ಈ ಪರಂಪರೆ ಗೌರವಾರ್ಹವಾದುದರಲ್ಲಿ ಸಂದೇಹವಿಲ್ಲ. ಆದರೆ ಇದು ಯಾರ ಅಡುಗೆ? ಸೋಮೇಶ್ವರನು ಅನ್ನವನ್ನು ವರ್ಣಿಸುವುದು ಅರಸನ ಉಪಭೋಗಗಳಲ್ಲಿ ಒಂದಾಗಿ. ಮಂಗರಸನು ಸ್ವತಃ ಒಬ್ಬ ಪಾಳೆಯಗಾರ ಪ್ರಭು. ಪಾಕವಿದ್ಯೆಯ ಆದಿಪುರುಷರೆಂದು ಲೋಕವು ಹೇಳುವ ನಳಭೀಮರೂ ಕ್ಷತ್ರಿಯರೇ. ಇದು ನಮ್ಮ ನಾಡಿನ ವಿಶೇಷವೆಂದು ಯಾರೂ ಭಾವಿಸಬೇಕಾಗಿಲ್ಲ. ೧೦ನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿ ಇಬ್ನ್ ಸಯ್ಯಾರ್ ಅಲ್-ವರ್ರಾಕನು ಸಂಗ್ರಹಿಸಿದ ಪಾಕಗ್ರಂಥವು ಖಲೀಫರ ಭೋಜನದ್ದು. ಸುಮಾರು ೧೩೯೦ರ 'ದಿ ಫಾರ್ಮ್ ಆಫ್ ಕ್ಯೂರಿ' ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಅಡುಗೆಯವರದು. ೧೫೦೦ರ ಸುಮಾರಿನ 'ನಿಅಮತ್‌ನಾಮಾ' ಮಾಂಡುವಿನ ಸುಲ್ತಾನನದು. ಬಾಗ್ದಾದಿನ ಕೂಲಿಯವನು ಏನು ತಿಂದನೆಂದಾಗಲಿ, ಇಂಗ್ಲೆಂಡಿನ ಒಕ್ಕಲಿಗನ ರೊಟ್ಟಿ ಯಾವ ಧಾನ್ಯದ್ದೆಂದಾಗಲಿ ತಿಳಿಸುವುದು ಈ ಗ್ರಂಥಗಳ ಕೆಲಸವಾಗಿರಲಿಲ್ಲ. ನಿತ್ಯ ಮಾಡುವುದನ್ನು ಯಾರೂ ಬರೆದಿಡುವುದಿಲ್ಲ; ಬರೆಯುವುದು ಅಪರೂಪವಾದುದನ್ನು. ತಾಯಿಯ ಕೈ ನೋಡಿ ಮಗಳು ಕಲಿಯುವ ವಿದ್ಯೆಗೆ ಓಲೆಗರಿಯ ಅಗತ್ಯವಿರಲಿಲ್ಲ.

೩

ಇಲ್ಲಿ ಇತಿಹಾಸಕಾರನಿಗೆ ಒಂದು ಗಂಭೀರ ಸಮಸ್ಯೆ ಎದುರಾಗುತ್ತದೆ. ಮಂಗರಸನ ಗ್ರಂಥದಲ್ಲಿ ಮೆಣಸಿನಕಾಯಿಯ ಪ್ರಸ್ತಾಪವಿಲ್ಲ. ಆದುದರಿಂದ ಆ ಕಾಲಕ್ಕೆ ಮೆಣಸಿನಕಾಯಿ ಕನ್ನಡನಾಡಿನಲ್ಲಿ ಬಳಕೆಗೆ ಬಂದಿರಲಿಲ್ಲವೆಂದು ಹೇಳುತ್ತೇವೆ. ಆದರೆ ಗ್ರಂಥದ ಮೌನವೇ ಪ್ರಮಾಣವಾಗುವುದಾದರೆ, ಅರಮನೆಯ ಪಾಕಶಾಸ್ತ್ರವು ಲಕ್ಷಿಸದ ಬಡವರ ಜೋಳದ ಕೂಳೂ ನಾಡಿನಲ್ಲಿ ಇರಲಿಲ್ಲವೆಂದು ಹೇಳಬೇಕಾದೀತು. ಮೊದಲನೆಯ ನಿರ್ಣಯ ಸರಿ, ಎರಡನೆಯದು ಶುದ್ಧ ತಪ್ಪು. ಮೌನಗಳಲ್ಲಿ ಎರಡು ಬಗೆಗಳಿವೆ: ವಸ್ತುವೇ ಇಲ್ಲದುದರಿಂದ ಉಂಟಾದ ಮೌನ ಒಂದು, ವಸ್ತುವಿದ್ದೂ ಬರೆಯುವವನ ಕಣ್ಣಿಗೆ ಬೀಳದುದರಿಂದ ಉಂಟಾದ ಮೌನ ಇನ್ನೊಂದು. ಇವೆರಡನ್ನೂ ಗ್ರಂಥದೊಳಗಿನಿಂದ ಬೇರ್ಪಡಿಸಲು ಸಾಧ್ಯವಿಲ್ಲ. ಹೊರಗಿನ ಸಾಕ್ಷ್ಯ ಬೇಕು.

ಮೊದಲು ಜೋಳವನ್ನು ನೋಡೋಣ. ಸಸ್ಯಶಾಸ್ತ್ರಜ್ಞರ ಮತದಂತೆ ಜೋಳದ ಮೂಲನೆಲೆ ಆಫ್ರಿಕ ಖಂಡ. ಪೂರ್ವ ಸುಡಾನದಲ್ಲಿ ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಷ್ಟು ಹಿಂದೆಯೇ ಅದು ಬೇಸಾಯಕ್ಕೆ ಒಳಪಟ್ಟುದಕ್ಕೆ ಕುರುಹುಗಳು ದೊರೆತಿವೆ. ಸಜ್ಜೆಯೂ ಆಫ್ರಿಕದಿಂದಲೇ ಬಂದುದು. ಕರ್ನಾಟಕದ ಹಳ್ಳೂರಿನ ನವಶಿಲಾಯುಗದ ನೆಲೆಯಲ್ಲಿ ಅದರ ಕಾಳುಗಳು ಸಿಕ್ಕಿವೆ. ಹೀಗೆ ನಾವು 'ದೇಸಿ' ಎಂದು ಕರೆಯುವ ಧಾನ್ಯಗಳೂ ಒಂದು ಕಾಲಕ್ಕೆ ಕಡಲು ದಾಟಿ ಬಂದ ಅತಿಥಿಗಳೇ. ಆದರೆ ಅವು ಬಂದುದು ಕನ್ನಡ ಸಾಹಿತ್ಯದ ಉದಯಕ್ಕಿಂತ ಬಹು ಮೊದಲು. ಜೋಳದ ಪ್ರಾಚೀನತೆಗೆ ಪಾಕಗ್ರಂಥಗಳಿಗಿಂತ ಬಲವಾದ ಸಾಕ್ಷ್ಯ ನಮ್ಮ ಭಾಷೆಯಲ್ಲಿಯೇ ಇದೆ. ಹಳಗನ್ನಡದಲ್ಲಿ 'ಜೋಳದ ಪಾಳಿ', 'ಜೋಳವಾಳಿ' ಎಂಬ ಮಾತುಗಳು ಒಡೆಯನ ಅನ್ನವನ್ನುಂಡ ಋಣವನ್ನೂ, ಆ ಋಣಕ್ಕಾಗಿ ರಣರಂಗದಲ್ಲಿ ಪ್ರಾಣವನ್ನೊಪ್ಪಿಸುವ ಧರ್ಮವನ್ನೂ ಸೂಚಿಸುತ್ತವೆ. ಅನ್ಯಭಾಷೆಗಳಲ್ಲಿ ಉಪ್ಪಿನ ಋಣವೆಂದು ಹೇಳುವ ಸ್ಥಳದಲ್ಲಿ ಕನ್ನಡವು ಜೋಳದ ಋಣವೆಂದಿತು. ನಿತ್ಯದ ಆಹಾರವಲ್ಲದ ಧಾನ್ಯವೊಂದು ಸ್ವಾಮಿಭಕ್ತಿಗೇ ಹೆಸರಾಗುವುದು ಸಂಭವವಿಲ್ಲ. ಕ್ರಿ.ಶ. ೯೪೯ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಕಾಲದ ಭಾಷೆಯಿದು. ಆ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತೆಂದು ಯಾವ ಸೂಪಶಾಸ್ತ್ರವೂ ಹೇಳುವುದಿಲ್ಲ. ಆ ಭಾಷೆಯ ಒಂದು ನುಡಿಗಟ್ಟು ಸೂಚಿಸುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ಜೋಳವಿತ್ತು ಎಂದ ಮಾತ್ರಕ್ಕೆ ಇಂದಿನ ರೊಟ್ಟಿಯೇ ಇತ್ತೆಂದು ಸಿದ್ಧವಾಗುವುದಿಲ್ಲ. 'ಕೂಳು' ಎಂಬುದು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಹಳೆಯ ಶಬ್ದ. 'ರೊಟ್ಟಿ'ಯಾದರೋ ಉತ್ತರದ ಭಾಷೆಗಳೊಡನೆ ನಂಟುಳ್ಳ ಶಬ್ದ. ಧಾನ್ಯವನ್ನು ನುಚ್ಚಾಗಿ, ಸಂಗಟಿಯಾಗಿ, ಅಂಬಲಿಯಾಗಿ ಕುದಿಸಿ ಉಣ್ಣುವ ಪದ್ಧತಿ ಹಳೆಯದು, ಹಿಟ್ಟು ಬಡಿದು ಸುಡುವ ಪದ್ಧತಿ ಅದರ ಮೇಲೆ ಬಂದುದು ಎಂದು ಊಹಿಸಲು ಇದರಿಂದ ಅವಕಾಶವಾಗುತ್ತದೆ. ಇಂದಿಗೂ ಈ ಸೀಮೆಯಲ್ಲಿ ರೊಟ್ಟಿಯೊಡನೆ ನುಚ್ಚು ಅಂಬಲಿಗಳು ಉಳಿದುಬಂದಿರುವುದು ಗಮನಾರ್ಹ.

೪

ಈಗ ಮೆಣಸಿನಕಾಯಿಯ ಮಾತು. ಇದರ ತವರು ಅಮೆರಿಕ ಖಂಡ. ೧೪೯೨ರ ಕೊಲಂಬಸನ ಯಾತ್ರೆಗೆ ಮುಂಚೆ ಇದನ್ನು ಏಷ್ಯದಲ್ಲಿ ಯಾರೂ ಕಂಡಿರಲಿಲ್ಲ. ೧೫೧೦ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡರು. ಅಮೆರಿಕದ ಬೆಳೆಗಳು ನಮ್ಮ ಕರಾವಳಿಯನ್ನು ಮುಟ್ಟಿದುದು ಆ ಶತಮಾನದಲ್ಲಿ. ಹೊಸ ವಸ್ತುವಿಗೆ ಕನ್ನಡಿಗರು ಹೊಸ ಹೆಸರನ್ನು ಹುಡುಕಲಿಲ್ಲ. ಖಾರಕ್ಕೆ ಇದ್ದ ಹಳೆಯ ವಸ್ತು ಮೆಣಸು. ಕಾಯಿಯ ರೂಪದಲ್ಲಿ ಬಂದ ಖಾರ 'ಮೆಣಸಿನಕಾಯಿ' ಆಯಿತು. ಅಮೆರಿಕದ ಇನ್ನೊಂದು ಧಾನ್ಯವು ಜೋಳದ ಹೆಸರನ್ನೇ ಹೊತ್ತು 'ಗೋವಿನಜೋಳ'ವಾಯಿತು. ಇದೇ ನಿಯಮ ಬೇರೆ ದೇಶಗಳಲ್ಲಿಯೂ ನಡೆದಿದೆ. ಇಂಗ್ಲಿಷರು ಮೆಣಸಿನಕಾಯಿಯನ್ನು 'ಪೆಪ್ಪರ್' ಎಂದೇ ಕರೆದರು. ಗೋವಿನಜೋಳಕ್ಕೆ ತಮ್ಮ ಧಾನ್ಯದ ಹೆಸರಿಗೊಂದು ವಿಶೇಷಣ ಸೇರಿಸಿ 'ಇಂಡಿಯನ್ ಕಾರ್ನ್' ಎಂದರು. ೧೭೯೬ರಲ್ಲಿ ಅಮೇಲಿಯ ಸಿಮನ್ಸ್ ಎಂಬಾಕೆ ಪ್ರಕಟಿಸಿದ, ಅಮೆರಿಕದಲ್ಲಿ ಬರೆದ ಮೊದಲ ಪಾಕಪುಸ್ತಕವೆಂದು ಖ್ಯಾತವಾದ ಕೃತಿಯಲ್ಲಿ, ಈ ಧಾನ್ಯದ ಹಿಟ್ಟನ್ನು ಇಂಗ್ಲೆಂಡಿನ ಹಳೆಯ ಕಡುಬಿನ ಕ್ರಮಕ್ಕೆ ಹೊಂದಿಸಿದುದನ್ನು ನೋಡಬಹುದು. ಹೊಸ ದ್ರವ್ಯ, ಹಳೆಯ ಕ್ರಮ, ಹಳೆಯ ಹೆಸರು: ಇದು ಅಡುಗೆಮನೆಯ ಸಾರ್ವತ್ರಿಕ ವ್ಯಾಕರಣವೆನ್ನಬೇಕು.

ಮೆಣಸಿನಕಾಯಿಯನ್ನು ಕುರಿತ ಒಂದು ಕೀರ್ತನೆ ಪುರಂದರದಾಸರ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅದನ್ನು ಆಧಾರಮಾಡಿ ೧೬ನೆಯ ಶತಮಾನದ ನಡುವಿಗೇ ಮೆಣಸಿನಕಾಯಿ ಮನೆಮಾತಾಗಿತ್ತೆಂದು ವಾದಿಸುವವರಿದ್ದಾರೆ. ಬಾಯಿಂದ ಬಾಯಿಗೆ ಬಂದ ಕೀರ್ತನೆಗಳಲ್ಲಿ ಅಂಕಿತವೊಂದೇ ಕಾಲನಿರ್ಣಯಕ್ಕೆ ಸಾಲದು. ಇಂತಹ ವಾದಗಳಲ್ಲಿ ವಿದ್ಯಾರ್ಥಿಗಳು ಸಂಯಮದಿಂದ ವರ್ತಿಸುವುದೊಳ್ಳೆಯದು.

ಈ ವ್ಯಾಕರಣದ ಅತ್ಯಂತ ಸ್ಪಷ್ಟವಾದ ಉದಾಹರಣೆ ಶೇಂಗಾ. ಇದರ ಮೂಲ ದಕ್ಷಿಣ ಅಮೆರಿಕ. ಮುಂಬಯಿ ಪ್ರಾಂತದ ಒಣಭೂಮಿಯಲ್ಲಿ ಇದು ವ್ಯಾಪಾರದ ಬೆಳೆಯಾಗಿ ಹಬ್ಬಿದುದು ೧೯ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ. ಈ ಸೀಮೆಯ ಮನೆಗಳಲ್ಲಿ ಎಳ್ಳು ಹೋಳಿಗೆ ಮಾಡುತ್ತಾರೆ, ಶೇಂಗಾ ಹೋಳಿಗೆಯನ್ನೂ ಮಾಡುತ್ತಾರೆ. ಎರಡರ ಕ್ರಮವೂ ಒಂದೇ: ಹುರಿದು, ಕುಟ್ಟಿ, ಬೆಲ್ಲ ಕೂಡಿಸಿ, ಕಣಕದೊಳಗೆ ತುಂಬಿ ಲಟ್ಟಿಸುವುದು. ಎಳ್ಳು ಸಿಂಧೂ ನಾಗರಿಕತೆಯ ಕಾಲದಿಂದ ಈ ದೇಶದ್ದು. ಹಳೆಯ ಅಚ್ಚಿನಲ್ಲಿ ಹೊಸ ಎರಕ ಬಿದ್ದಿತೆಂಬುದು ಸ್ಪಷ್ಟ. ಅದೇ ಬಗೆಯಾಗಿ ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳ ಸಾಲಿಗೆ ಶೇಂಗಾ ಹಿಂಡಿ ಸೇರಿತು. ಗುರೆಳ್ಳಿನ ತವರು ಇಥಿಯೋಪಿಯದ ಎತ್ತರದ ನಾಡು. ಅಗಸಿ, ಕುಸುಬೆ, ಗೋದಿ, ಕಡಲೆಗಳು ಪಶ್ಚಿಮ ಏಷ್ಯದಿಂದ ಬಂದವು. ಬದನೆ, ತೊಗರಿ, ಹೆಸರು, ಹುರುಳಿ, ಸೌತೆ ಈ ದೇಶದವು. ಬೆಲ್ಲಕ್ಕೆ ಮೂಲವಾದ ಕಬ್ಬಿನ ಹುಟ್ಟು ನ್ಯೂಗಿನಿ ದ್ವೀಪದಲ್ಲಿ.

ಈ ಸೀಮೆಯ ಒಕ್ಕಲಿಗನ ಬುತ್ತಿಯನ್ನು ಬಿಚ್ಚಿ ನೋಡಿರಿ: ಆಫ್ರಿಕದ ಜೋಳದ ರೊಟ್ಟಿ, ಇಥಿಯೋಪಿಯದ ಗುರೆಳ್ಳಿನ ಹಿಂಡಿ, ಅಮೆರಿಕದ ಶೇಂಗಾ ಮತ್ತು ಕೆಂಪು ಖಾರ, ಪಶ್ಚಿಮ ಏಷ್ಯದ ಕಡಲೆಹಿಟ್ಟಿನ ಝುಣಕ, ನಮ್ಮದೇ ಬದನೆಯ ಎಣ್ಣೆಗಾಯಿ. ಪ್ರಪಂಚದ ಪಾಕಗಳನ್ನು ಅರಿಯಲು ಪರದೇಶದ ಪುಸ್ತಕವನ್ನು ತರಿಸಬೇಕಾಗಿಲ್ಲ. ಪ್ರಪಂಚವೇ ಆ ಬುತ್ತಿಯ ಬಟ್ಟೆಯಲ್ಲಿ ಗಂಟುಕಟ್ಟಿಕೊಂಡಿದೆ. ಆದರೂ ಆ ಊಟವನ್ನು ಈ ಸೀಮೆಯದಲ್ಲವೆಂದು ಯಾರೂ ಹೇಳಲಾರರು. ಸ್ವಂತಿಕೆಯು ದ್ರವ್ಯದಲ್ಲಿಲ್ಲ, ಕ್ರಮದಲ್ಲಿದೆ.

೫

ಕ್ರಮವೆಂದರೇನೆಂಬುದನ್ನು ರೊಟ್ಟಿಯಲ್ಲಿಯೇ ನೋಡಬಹುದು. ಗೋದಿಯ ಹಿಟ್ಟಿಗೆ ಸಹಜವಾಗಿರುವ ಅಂಟು ಜೋಳದ ಹಿಟ್ಟಿಗಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಅದು ಅಂಚು ಒಡೆದು ಬಿರಿಯುತ್ತದೆ. ಆದುದರಿಂದ ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಅದರಲ್ಲಿಯ ಪಿಷ್ಟವು ಬೆಂದು ಜಿಗಿ ಬರುವಂತೆ ಮಾಡಿ, ಬಳಿಕ ಚೆನ್ನಾಗಿ ನಾದುತ್ತಾರೆ. ಉಂಡೆಯನ್ನು ಹಿಟ್ಟಿನ ಮೇಲಿಟ್ಟು ಅಂಗೈಯಿಂದ ಬಡಿಯುತ್ತ ತಿರುಗಿಸುತ್ತ ಅಗಲಗೊಳಿಸಿ, ಕಾದ ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರುತ್ತಾರೆ. ತಿರುವಿಹಾಕಿ ಬೆಂದಮೇಲೆ ಕೆಂಡದ ಬದಿಗೆ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಹಾಗೆಯೇ ಒಣಗಗೊಟ್ಟರೆ ಅದು ಕಟಕ ರೊಟ್ಟಿಯಾಗಿ ಅನೇಕ ದಿನ ಕೆಡದೆ ಉಳಿಯುತ್ತದೆ. ಹಿಟ್ಟಿಗೂ ನೀರಿಗೂ ಪ್ರಮಾಣವನ್ನು ಯಾರೂ ಅಳೆಯುವುದಿಲ್ಲ. ಜೋಳ ಹಳೆಯದೋ ಹೊಸದೋ ಎಂಬುದನ್ನು ನೋಡಿ ಕೈಯೇ ನಿರ್ಣಯಿಸುತ್ತದೆ. ರಸಾಯನಶಾಸ್ತ್ರದ ಒಂದು ಸೂಕ್ಷ್ಮ ತತ್ತ್ವವನ್ನು ಆ ಶಾಸ್ತ್ರದ ಹೆಸರನ್ನೇ ಕೇಳದ ಕೈಗಳು ಕಂಡುಹಿಡಿದು ಉಳಿಸಿಕೊಂಡು ಬಂದಿವೆ.

ಕೆಡದೆ ಉಳಿಯುವ ಈ ರೊಟ್ಟಿಯು ಹೊಲಕ್ಕೆ ಹೋಗುವವನಿಗೂ ಪ್ರಯಾಣಿಕನಿಗೂ ಒದಗಿದಂತೆ ನೇಕಾರರ ಮನೆಗೂ ಒದಗಿತೆಂದು ಊಹಿಸಬಹುದು. ರಬಕವಿ–ಬನಹಟ್ಟಿಯಂತಹ ಊರುಗಳಲ್ಲಿ ಮನೆಯೇ ಕಾರ್ಖಾನೆ. ಕಂಡಿಕೆ ಸುತ್ತುವವಳೂ ರೊಟ್ಟಿ ಬಡಿಯುವವಳೂ ಒಬ್ಬಳೇ ಆದಾಗ, ಒಮ್ಮೆಗೆ ಮಾಡಿ ಹಲವು ದಿನ ಉಣ್ಣುವ ಅಡುಗೆಗೆ ಬೆಲೆ ಹೆಚ್ಚು. ನೂಲಿಗೆ ಗಂಜಿ, ಊಟಕ್ಕೆ ಗಂಜಿ ಎಂಬ ಸಮಾನ ಶಬ್ದವೂ ಮಗ್ಗಕ್ಕೂ ಒಲೆಗೂ ಇರುವ ನೆರೆಯನ್ನು ನೆನಪಿಸುತ್ತದೆ.

ಹಬ್ಬದೂಟಕ್ಕೆ ಬೇರೊಂದು ಲಯವಿದೆ. ಎಳ್ಳ ಅಮಾವಾಸ್ಯೆಯಂದು ಸಜ್ಜೆಯ ರೊಟ್ಟಿ, ಕಡುಬು, ಬಗೆಬಗೆಯ ಪಲ್ಲೆಗಳನ್ನು ಹೊಲಕ್ಕೊಯ್ದು, ಮೊದಲು ಬೆಳೆಗೆ ಚರಗ ಚೆಲ್ಲಿ, ಬಳಿಕ ಬಂಧುಬಳಗದೊಡನೆ ಉಣ್ಣುತ್ತಾರೆ. ಇಲ್ಲಿ ಉಣ್ಣುವ ಮೊದಲ ಅತಿಥಿ ಭೂಮಿ. ರಾಜಭೋಗದ ಗ್ರಂಥಗಳಲ್ಲಿ ಇಂತಹ ಊಟಕ್ಕೆ ಸ್ಥಾನ ಎಲ್ಲಿಂದ ಬಂದೀತು?

೬

೧೯ನೆಯ ಶತಮಾನದಲ್ಲಿ ಹೊಸ ಬಗೆಯ ಸಾಕ್ಷ್ಯಗಳು ತೊಡಗುತ್ತವೆ. ೧೮೮೪ರಲ್ಲಿ ಪ್ರಕಟವಾದ ಬಿಜಾಪುರ ಜಿಲ್ಲೆಯ ಗ್ಯಾಸೆಟಿಯರು ಜನವರ್ಗಗಳನ್ನು ಒಂದೊಂದಾಗಿ ವರ್ಣಿಸುವಾಗ ಅವರ ಊಟವನ್ನೂ ಹೇಳುತ್ತದೆ. ಬಹುಪಾಲು ವರ್ಗಗಳ ವಿಷಯದಲ್ಲಿ ಬರುವುದು ಒಂದೇ ಮಾತು: ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಲೆ. ಬೀಳಗಿಗೆ ಇದು ನೇರವಾದ ಸಾಕ್ಷ್ಯ. ನೆರೆಯ ಸಂಸ್ಥಾನಗಳಿಗೆ ಅನ್ವಯಿಸುವಾಗ ಅನುಮಾನಪ್ರಮಾಣವೆಂಬುದನ್ನು ಮರೆಯಬಾರದು. ಆ ಗ್ರಂಥಕ್ಕೆ ಹಿಂದಿನ ದಶಕದಲ್ಲಿಯೇ, ೧೮೭೬–೭೮ರ ಕ್ಷಾಮದಲ್ಲಿ, ಅಂದಿನ ಕಲಾದಗಿ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿಯೇ ಅತ್ಯಂತ ದಾರುಣವಾಗಿ ನೊಂದ ಭಾಗಗಳಲ್ಲಿ ಒಂದಾಗಿತ್ತು. ೧೮೭೨ರ ಮತ್ತು ೧೮೮೧ರ ಜನಗಣತಿಗಳ ನಡುವೆ ಅದರ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಇಲ್ಲವಾಯಿತು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರದ ಕಾಮಗಾರಿಯ ಕೂಲಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಗೊತ್ತುಪಡಿಸಿದುದು ಪ್ರಸಿದ್ಧವಾಗಿದೆ. ಬಡವರ ಊಟದ ಪ್ರಮಾಣವನ್ನು ತೂಕಸಹಿತವಾಗಿ ಬರೆದಿಟ್ಟ ಗ್ರಂಥವನ್ನು ಅರಸಿ ಹೊರಟ ನಮಗೆ ಮೊದಲು ಸಿಗುವುದು ಪಾಕಶಾಸ್ತ್ರವಲ್ಲ, ಸರಕಾರದ ಕ್ಷಾಮದ ಆಜ್ಞೆ.

ಅದೇ ಕಾಲಕ್ಕೆ ಮುದ್ರಿತ ಪಾಕಪುಸ್ತಕಗಳು ಗೃಹಿಣಿಯ ಕೈಗೆ ಬರತೊಡಗಿದವು. ಇಂಗ್ಲೆಂಡಿನಲ್ಲಿ ೧೭೪೭ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆಯೂ ೧೮೬೧ರಲ್ಲಿ ಶ್ರೀಮತಿ ಬೀಟನ್ ಎಂಬಾಕೆಯೂ ಈ ಮಾರ್ಗವನ್ನು ತೆರೆದಿದ್ದರು. ಗ್ಲಾಸಳ ಪುಸ್ತಕದಲ್ಲಿ ಹಿಂದುಸ್ತಾನದ ರೀತಿಯ 'ಕರಿ' ಮಾಡುವ ಕ್ರಮವೂ ಇತ್ತು. ಮರಾಠಿಯಲ್ಲಿ ೧೮೭೫ರಲ್ಲಿ ರಾಮಚಂದ್ರ ಸಖಾರಾಮ ಗುಪ್ತೆಯವರ 'ಸೂಪಶಾಸ್ತ್ರ'ವೂ, ೧೯೧೦ರಲ್ಲಿ ಲಕ್ಷ್ಮೀಬಾಯಿ ಧುರಂಧರ ಅವರ 'ಗೃಹಿಣೀಮಿತ್ರ'ವೂ ಪ್ರಕಟವಾದವು. ಜಮಖಂಡಿ, ಮುಧೋಳ ಸಂಸ್ಥಾನಗಳ ಆಡಳಿತಭಾಷೆ ಮರಾಠಿ, ಪ್ರಜೆಗಳ ಭಾಷೆ ಕನ್ನಡ. ಅಂತಹ ನಾಡಿನಲ್ಲಿ ಓದು ಬಲ್ಲ ಮನೆಗಳಿಗೆ ಸುಲಭವಾಗಿ ಎಟುಕಬಹುದಾಗಿದ್ದುದು ಮರಾಠಿ ಪುಸ್ತಕ. ಎಂಟುನೂರೈವತ್ತು ವರ್ಷ ಹಿಂದೆಯೇ ಕನ್ನಡದಲ್ಲಿ ರಚಿತವಾಗಿದ್ದ 'ಲೋಕೋಪಕಾರ' ಮದರಾಸಿನಲ್ಲಿ ಅಚ್ಚಾದುದು ೧೯೫೦ರಲ್ಲಿ! ಈ ಸೀಮೆಯ ಅಡುಗೆಮನೆಯ ಶಬ್ದಗಳಲ್ಲಿ ಮರಾಠಿಯ ಮುದ್ರೆ ಇಂದಿಗೂ ಅಳಿದಿಲ್ಲ. 'ಝುಣಕ'ದ ಮಹಾಪ್ರಾಣ, 'ಥಾಲೀಪೀಟ', 'ಆಮಟಿ', 'ಶೇಂಗಾ' ಇವೆಲ್ಲ ಅದರ ಗುರುತುಗಳು. ಇವುಗಳಲ್ಲಿ ಎಷ್ಟು ಪುಸ್ತಕದಿಂದ ಬಂದವು, ಎಷ್ಟು ಮದುವೆಯ ಸಂಬಂಧಗಳಿಂದ ಬಂದವು ಎಂಬುದನ್ನು ಪ್ರತಿಯೊಂದು ಶಬ್ದದ ವಿಷಯದಲ್ಲಿಯೂ ಬೇರೆಬೇರೆಯಾಗಿ ಶೋಧಿಸಬೇಕು. ಸೊಸೆಯೊಬ್ಬಳು ತವರಿನಿಂದ ತರುವ ಪಾಕಕ್ಕೆ ಮುದ್ರಣಾಲಯದ ಅಗತ್ಯವಿಲ್ಲ.

೭

ಈ ವಿಷಯವನ್ನು ಈಗಲೇ ಎತ್ತಿಕೊಳ್ಳಬೇಕಾದುದಕ್ಕೆ ಕಾರಣವಿದೆ. ನೀರಾವರಿ ಬಂದೊಡನೆ ಎರೆಭೂಮಿಯ ಬಹುಭಾಗ ಹಿಂಗಾರಿ ಜೋಳವನ್ನು ಬಿಟ್ಟು ಕಬ್ಬಿಗೆ ತಿರುಗಿತು. ೧೯೬೪ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ಸೀಮೆಯ ಅನೇಕ ಊರುಗಳನ್ನು ಎಬ್ಬಿಸಿತು. ಊರು ಬಿಡುವಾಗ ಜನರು ದೇವರನ್ನೂ ಪಾತ್ರೆಗಳನ್ನೂ ಹೊತ್ತುಕೊಂಡು ಹೋದರು; ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಸೊಪ್ಪನ್ನು ಹೊತ್ತೊಯ್ಯಲು ಬರುವುದಿಲ್ಲ. ಬೀಸುವ ಕಲ್ಲಿನ ಸ್ಥಾನದಲ್ಲಿ ಗಿರಣಿ ಬಂದು ಹೆಂಗಸರ ಮೈನೋವು ಕಡಿಮೆಯಾದುದು ಒಳ್ಳೆಯದೇ. ಅದರೊಡನೆ ಬೀಸುವಾಗಿನ ಹಾಡೂ ನಿಂತಿತು. ರೊಟ್ಟಿಯನ್ನು ಇಂದು ಅನೇಕ ಮನೆಗಳು ಕೊಂಡು ಉಣ್ಣುತ್ತವೆ. ಅದನ್ನು ಬಡಿದು ಮಾರಿ ಜೀವನ ಸಾಗಿಸುವ ಹೆಂಗಸರ ಸಂಘಗಳು ಉತ್ತರ ಕರ್ನಾಟಕದಲ್ಲೆಲ್ಲ ಹುಟ್ಟಿವೆ. ಇದು ಕೇವಲ ಅಳಿವಿನ ಕಥೆಯಲ್ಲ. ಸಾವಿರ ವರ್ಷ ಬೆಲೆಯಿಲ್ಲದೆ ನಡೆದ ವಿದ್ಯೆಗೆ ಮೊದಲ ಸಾರಿ ಕೂಲಿ ದೊರೆಯುತ್ತಿರುವ ಕಥೆಯೂ ಹೌದು.

೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಸಂಗ್ರಹವನ್ನು ಪ್ರಕಟಿಸುವ ಮೊದಲು, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಪದಗಳನ್ನು ಸಾಹಿತ್ಯವೆಂದು ಎಣಿಸಿದವರು ವಿರಳ. ಆ ಕಲ್ಲಿನಿಂದ ಹಾಡು ಹೊರಟಂತೆ ಹಿಟ್ಟೂ ಹೊರಟಿತು. ಹಾಡಿಗೆ ದೊರೆತ ಗೌರವ ಹಿಟ್ಟಿಗೆ ಇನ್ನೂ ದೊರೆತಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ಒಂದೊಂದು ಪಾಕವನ್ನು ಬರೆದುಕೊಳ್ಳಲಿ. ಪಾಕದ ಹೆಸರು, ಅದರ ಪ್ರಾದೇಶಿಕ ಉಚ್ಚಾರಣೆ, ದ್ರವ್ಯಗಳು, ಉಪಕರಣ, ಮಾಡುವ ಸಂದರ್ಭ, ಅದನ್ನು ಕಲಿತದ್ದು ತವರಿನಲ್ಲಿಯೋ ಅತ್ತೆಯ ಮನೆಯಲ್ಲಿಯೋ ಎಂಬ ಸಂಗತಿ—ಇಷ್ಟನ್ನು ತಪ್ಪದೆ ದಾಖಲಿಸಬೇಕು. ಕೊನೆಯ ಸಂಗತಿ ಅಲ್ಪವೆಂದು ಕಾಣಬಹುದು. ಪಾಕಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಸಂಚರಿಸಿದ ದಾರಿಯನ್ನು ತೋರಿಸುವುದು ಅದೇ.

ಶಾಸ್ತ್ರಗ್ರಂಥವು ಗೃಹಪಾಕವನ್ನು ಮರೆತುದು ಅದರ ಕಾಲದ ದೋಷ. ಅದೇ ಗ್ರಂಥವನ್ನಷ್ಟೆ ಓದಿ ಊಟದ ಇತಿಹಾಸವನ್ನು ಬರೆದರೆ ಆ ದೋಷ ನಮ್ಮದಾಗುತ್ತದೆ. ಜೋಳದ ಋಣವನ್ನು ತೀರಿಸಲು ಹಿಂದಿನವರು ರಣಕ್ಕೆ ಹೋದರು. ವಿದ್ಯಾವಂತರು ಅದೇ ಋಣವನ್ನು ತೀರಿಸಬೇಕಾದರೆ ಅಡುಗೆಯ ಮನೆಯ ಹೊಸ್ತಿಲನ್ನು ದಾಟಿ, ಅಲ್ಲಿ ಕೇಳಿದುದನ್ನು ಪ್ರಾಮಾಣಿಕವಾಗಿ ಬರೆದಿಡಬೇಕು.